ಬ್ರೂಜ್, ಘೆಂಟ್ ಜೊತೆಗೆ ಈಪರ್ ಸೇರಿಸಬಹುದಾ? ಬೆಲ್ಜಿಯಂನ ಫ್ಲಾಂಡರ್ಸ್ ಸುತ್ತಿದವರು ಸಲಹೆ ಕೊಡಿ

ತುಮಕೂರು_ತಿರುಗಾಟ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಆಫೀಸ್ ಕೆಲಸಕ್ಕೆ ಬ್ರಸೆಲ್ಸ್‌ಗೆ ಹೋಗ್ತಿದ್ದೀನಿ. ಕೆಲಸ ಮುಗಿದ ಮೇಲೆ ನನ್ನ ಹೆಂಡತಿ, ನಮ್ಮ ಮಾವನವರು ಅಲ್ಲಿಗೇ ಬಂದು ಸೇರ್ಕೋತಾರೆ. ಒಂದು ವಾರಕ್ಕಿಂತ ಕಡಿಮೆ ಸಮಯ ಇದೆ. ಹೆಂಡತಿಗೆ ಬ್ರೂಜ್‌ನ ಕಾಲುವೆ, ಹಳೇ ಮನೆಗಳು, ಚಾಕೊಲೇಟ್. ಮಾವನವರು ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಅವರದ್ದು ಒಂದೇ ಬೇಡಿಕೆ: ಮೊದಲ ಮಹಾಯುದ್ಧ ನಡೆದ ಈಪರ್ ನೋಡಬೇಕು.

ಇಲ್ಲಿನ ಟ್ರಾವೆಲ್ ಏಜೆಂಟ್ ಹೇಳಿದ್ದು: "ಬ್ರೂಜ್, ಘೆಂಟ್ ಎರಡನ್ನೂ ಒಂದೇ ದಿನಕ್ಕೆ ಮುಗಿಸಿ. ಈಪರ್‌ನಲ್ಲಿ ಬರೀ ಸಮಾಧಿ, ಅಲ್ಲಿಗೆ ಯಾರೂ ಹೋಗಲ್ಲ. ಬೇಕಿದ್ರೆ ವಾಟರ್‌ಲೂ ಮಾಡಿ, ಬ್ರಸೆಲ್ಸ್‌ಗೆ ಹತ್ರ."

ಹೋಗಿಬಂದವರು ಹೇಳಿ. ಮೂರೂ ಜನ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಮಾವನವರಿಗೆ ನಡೆಯೋದು ಕಷ್ಟ ಇಲ್ಲ, ಮೆಟ್ಟಿಲು ಕಷ್ಟ.

ಲ್ಯೂವೆನ್_ಕನ್ನಡಿಗ

ನಿಮ್ಮ ಏಜೆಂಟ್ ಮಾತು ಕೇಳಬೇಡಿ. ಬ್ರೂಜ್ ಮತ್ತು ಘೆಂಟ್ ಒಂದೇ ದಿನಕ್ಕೆ ಅಂದ್ರೆ ಎರಡು ಊರಿನ ರೈಲ್ವೆ ಸ್ಟೇಷನ್ ಮತ್ತು ಎರಡು ಚೌಕ ನೋಡಿದ ಹಾಗೆ.

ನಾನಾದರೆ ಬ್ರಸೆಲ್ಸ್‌ನಲ್ಲಿ ರೂಮ್ ಇಟ್ಟುಕೊಳ್ಳದೆ ಘೆಂಟ್‌ನಲ್ಲಿ ಇಟ್ಟುಕೊಳ್ತೀನಿ. ಬ್ರಸೆಲ್ಸ್‌ನಿಂದ ಅರ್ಧ ಗಂಟೆ ಚಿಲ್ಲರೆ, ಬ್ರೂಜ್‌ಗೆ ಇನ್ನೊಂದು ಅರ್ಧ ಗಂಟೆ, ಕೋರ್ಟ್‌ರೈಕ್ ದಾರಿಯಲ್ಲಿ ಈಪರ್‌ಗೆ ಗಂಟೆಗಿಂತ ಸ್ವಲ್ಪ ಜಾಸ್ತಿ. ದೇಶದೊಳಗಿನ ರೈಲಿಗೆ ಸೀಟ್ ರಿಸರ್ವೇಶನ್ ಅನ್ನೋದೇ ಇಲ್ಲ. ಟಿಕೆಟ್ ತಗೊಂಡ್ರೆ ಆ ದಿನದ ಯಾವ ರೈಲಾದರೂ ಆಗುತ್ತೆ, ಹಾಗಾಗಿ ತಿಂಗಳ ಮುಂಚೆ ಬುಕ್ ಮಾಡುವ ತಲೆಬಿಸಿ ಬೇಡ. ಘೆಂಟ್‌ನ ಮುಖ್ಯ ಸ್ಟೇಷನ್ ಸಿಂಟ್ ಪೀಟರ್ಸ್ ಊರಿನ ಮಧ್ಯದಲ್ಲಿಲ್ಲ, ಅಲ್ಲಿಂದ ಟ್ರಾಮ್ ಹಿಡೀಬೇಕು.

ಮೆಟ್ಟಿಲಿನ ವಿಷಯ. ಬ್ರೂಜ್‌ನ ಗಂಟೆಗೋಪುರಕ್ಕೆ 366 ಮೆಟ್ಟಿಲು, ಲಿಫ್ಟ್ ಇಲ್ಲ. ಘೆಂಟ್‌ನ ಗೋಪುರದಲ್ಲಿ ಲಿಫ್ಟ್ ಇದೆ. ಮಾವನವರಿಗೆ ಊರನ್ನು ಮೇಲಿಂದ ತೋರಿಸಬೇಕು ಅಂದ್ರೆ ಘೆಂಟ್‌ನಲ್ಲೇ ತೋರಿಸಿ.

ವಾಟರ್‌ಲೂ ಡಚ್ ಮಾತಾಡುವ ಫ್ಲಾಂಡರ್ಸ್‌ನಲ್ಲೇ ಇಲ್ಲ, ಫ್ರೆಂಚ್ ಮಾತಾಡುವ ವಲೋನಿಯಾ ಭಾಗದಲ್ಲಿದೆ. 1815ರ ನೆಪೋಲಿಯನ್ ಕಥೆ ಅದು. ಅಲ್ಲಿ ಸಿಂಹದ ದಿಬ್ಬ ಹತ್ತೋಕೆ 226 ಮೆಟ್ಟಿಲು. ನಿಮ್ಮ ಪಟ್ಟಿಯಿಂದ ಅದನ್ನು ಧಾರಾಳವಾಗಿ ಹೊಡೆದುಹಾಕಿ.

ಧಾರವಾಡ_ಪೇಡೆ

ಸರ್, ನಾ ಬ್ರೂಜ್‌ನಿಂದ ಮಿನಿಬಸ್ ಟೂರ್ ತಗೊಂಡು ಈಪರ್ ಕಡೆ ಹೋಗಿದ್ದೆ. ಗೈಡ್ ಭಾಳ ತಿಳಕೊಂಡಾಂವ, ಅದ್ರಾಗ ಎರಡು ಮಾತಿಲ್ಲ. ಆದ್ರ ಬಸ್ ಕಥಿ ನಿಮಗ ಗೊತ್ತಲ್ಲ, ಇಳೀರಿ, ಫೋಟೊ ತಗೀರಿ, ಹತ್ರಿ. ಟೈನ್ ಕಾಟ್ ಅಂತ ಒಂದು ಸ್ಮಶಾನ ಐತಿ. ಇಡೀ ಜಗತ್ತಿನಾಗ ಕಾಮನ್‌ವೆಲ್ತ್ ಸೈನಿಕರ ಸಮಾಧಿಗಳೊಳಗ ಅದ ಎಲ್ಲಾಕಿಂತ ದೊಡ್ಡದು. ಹತ್ತಿರ ಹತ್ತಿರ 12,000 ಕಲ್ಲು. ಅದ್ರಾಗ 8,000ಕ್ಕಿಂತ ಹೆಚ್ಚಿನವಕ್ಕ ಹೆಸರ ಇಲ್ಲ. "ದೇವರಿಗಷ್ಟ ಗೊತ್ತಿರುವ ಸೈನಿಕ" ಅಂತ ಅರ್ಥ ಬರೂ ಹಂಗ ಬರದಾರ. ಅಂಥಲ್ಲಿ ಬಸ್ಸಿನವ ಹಾರ್ನ್ ಹೊಡದ್ರ ಹೆಂಗ ಅನ್ನಸ್ತದ ಹೇಳ್ರಿ.

ಮಾವನವರು ಫೌಜಿ ಅಂತೀರಿ. ಅವರನ್ನ ಈಪರ್‌ನಾಗ ಒಂದ್ ರಾತ್ರಿ ಉಳಸ್ರಿ. ಅಲ್ಲಿ ಯುದ್ಧದಾಗ ಸತ್ತವರ ನೆನಪಿಗೆ ಕಟ್ಟಿದ ಮೆನಿನ್ ಗೇಟ್ ಅಂತ ದೊಡ್ಡ ಕಮಾನು ಐತಿ, ಸಂಜಿ ಎಂಟಕ್ಕ ಅದರ ಕೆಳಗ ಅವರ ಗೌರವಕ್ಕ ಬ್ಯೂಗಲ್ ಊದ್ತಾರ, ಲಾಸ್ಟ್ ಪೋಸ್ಟ್ ಅಂತ. ಟೂರ್ ಬಸ್ಸುಗಳು ಅಷ್ಟೊತ್ತಿಗೆ ಬ್ರೂಜ್‌ಗೆ ವಾಪಸ್ ಹೋಗಿರ್ತಾವ.

ಕಡಲತಡಿ

ಎಲ್ಲರೂ ಹೊಗಳ್ತಾ ಇದ್ದೀರಿ, ನಾನು ಸ್ವಲ್ಪ ಉಲ್ಟಾ ಹೇಳ್ತೇನೆ. ನಾನು ಬಾಡಿಗೆ ಕಾರಿನಲ್ಲಿ ಆ ಕಡೆ ಎಲ್ಲ ಸುತ್ತಿದ್ದೇನೆ. ಯುದ್ಧಭೂಮಿ ಅಂತ ನೋಡ್ಲಿಕ್ಕೆ ಉಂಟಾದ್ದು ಎಂತ? ಆಲೂಗಡ್ಡೆ ಹೊಲ, ಜೋಳ, ದನ, ಒಂದು ಕೆರೆ. ಬೆಟ್ಟ ಅಂತ ಬೋರ್ಡ್ ಹಾಕಿದ್ದಾರೆ, ಹೋಗಿ ನೋಡಿದ್ರೆ ನಮ್ಮ ಊರಿನ ರೋಡ್ ಹಂಪ್ ಇದಕ್ಕಿಂತ ಎತ್ತರ. ಆ "ಹಿಲ್ 60" ನೋಡಿ ನನಗೆ ನಗು ಬಂತು.

ಮತ್ತೆ ಈಪರ್ ಊರು. ಹದಿಮೂರನೇ ಶತಮಾನದ ಕ್ಲಾತ್ ಹಾಲ್, ಹಳೇ ಬಟ್ಟೆ ಮಾರುಕಟ್ಟೆ ಅಂತ ಫೋಟೊ ಹಾಕ್ತಾರೆ. ಆ ಕಟ್ಟಡ ಮುಗಿದದ್ದು 1967ರಲ್ಲಿ. ಅಸಲಿ ಹಳೇ ಊರು ನೋಡ್ಬೇಕಾದ್ರೆ ಬ್ರೂಜ್‌ನಲ್ಲಿ ಎರಡು ದಿನ ಇರಿ, ಘೆಂಟ್‌ನಲ್ಲಿ ಒಂದು ದಿನ ಇರಿ. ನಕಲಿ ಊರಿಗೆ ಯಾಕೆ ಹೋಗೋದು?

ಇತಿಹಾಸದ_ಹುಚ್ಚು

ಕಡಲತಡಿಯವರೇ, ನೀವು ಹೇಳಿದ ಎರಡೂ ಸಂಗತಿ ನಿಜ. ನಾನು ಈಪರ್‌ಗೆ ಹೋಗಿ ಅಂತ ಹೇಳೋದೂ ಆ ಎರಡೇ ಕಾರಣಕ್ಕೆ.

ಮೊದಲು ಬೆಟ್ಟದ ವಿಷಯ. ಹಿಲ್ 60 ನಿಸರ್ಗದ ಗುಡ್ಡವೇ ಅಲ್ಲ. ರೈಲು ದಾರಿಗೆ ನೆಲ ಅಗೆದಾಗ ಎತ್ತಿ ಹಾಕಿದ ಮಣ್ಣಿನ ರಾಶಿ. ಸಮುದ್ರಮಟ್ಟದಿಂದ 60 ಮೀಟರ್ ಅಂತ ಭೂಪಟದಲ್ಲಿ ಗುರುತು ಹಾಕಿದ್ದಕ್ಕೆ ಆ ಹೆಸರು. ಆದರೆ ಸುತ್ತಲಿನ ನೆಲ ಅಂಗೈ ಚಾಚಿದ ಹಾಗೆ ಇರುವಾಗ ಮೂವತ್ತು ನಲವತ್ತು ಮೀಟರ್ ಮೇಲೆ ಕೂತವನಿಗೆ ಕೆಳಗಿನವರ ಪ್ರತಿ ಚಲನೆಯೂ ಕಾಣುತ್ತೆ. ಈಪರ್ ಸುತ್ತ ಮೂರು ಕಡೆ ಆ ತಗ್ಗು ದಿಬ್ಬಗಳ ಮೇಲೆ ಜರ್ಮನ್ನರು, ಒಳಗಿನ ಬಟ್ಟಲಿನಲ್ಲಿ ಬ್ರಿಟಿಷರು ಮತ್ತು ಅವರ ಜೊತೆಯವರು. ನಾಲ್ಕು ವರ್ಷ. ಈಪರ್ ಕೈತಪ್ಪಿದರೆ ಡಂಕರ್ಕ್, ಕ್ಯಾಲೆ ಬಂದರುಗಳ ದಾರಿ ತೆರೆದುಕೊಳ್ಳುತ್ತಿತ್ತು, ಅದಕ್ಕೇ ಆ ಹಠ.

ಕಾರಿನಲ್ಲಿ ಕೂತರೆ ಇದು ಗೊತ್ತೇ ಆಗಲ್ಲ. ನಡೀಬೇಕು, ಇಲ್ಲಾ ಸೈಕಲ್ ತುಳೀಬೇಕು. ತೊಡೆ ಹಿಡಿದುಕೊಂಡಾಗ "ಓ, ಇದು ಏರು" ಅಂತ ಅರ್ಥ ಆಗುತ್ತೆ. ಟೈನ್ ಕಾಟ್‌ನಲ್ಲಿ ಶಿಲುಬೆ ನಿಲ್ಲಿಸಿರುವುದು ಜರ್ಮನ್ನರ ಕಾಂಕ್ರೀಟ್ ಬಂಕರ್ ಮೇಲೆಯೇ. ಅದರ ಬುಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಈಪರ್‌ನ ಗೋಪುರಗಳು ಕಾಣುತ್ತವೆ. ಸೈಕಲ್‌ನಲ್ಲಿ ಮುಕ್ಕಾಲು ಗಂಟೆಯ ದಾರಿ. 1917ರಲ್ಲಿ ಜುಲೈ 31ಕ್ಕೆ ಈಪರ್ ಕಡೆಯಿಂದ ಹೊರಟ ಬ್ರಿಟಿಷರು, ಅವರ ಜೊತೆಯವರು ಪಾಸೆನ್‌ಡಾಲ ಹಳ್ಳಿಯ ದಿಬ್ಬ ಹಿಡಿದು ಕದನ ನಿಂತದ್ದು ನವೆಂಬರ್ 10ಕ್ಕೆ. ಎರಡೂ ಕಡೆ ಲಕ್ಷಗಟ್ಟಲೆ ಜನ ಸತ್ತರು, ಗಾಯಗೊಂಡರು.

ಇನ್ನು "ನಕಲಿ ಊರು". ಕ್ಲಾತ್ ಹಾಲ್ ಮೊದಲು ಪೂರ್ತಿಯಾಗಿದ್ದು 1304ರಲ್ಲಿ. ಇಂಗ್ಲೆಂಡಿನಿಂದ ಉಣ್ಣೆ ತರಿಸಿ, ಬಟ್ಟೆ ನೇಯ್ದು, ಯುರೋಪಿಗೆಲ್ಲ ಮಾರುತ್ತಿದ್ದ ಊರು ಅದು. ದೋಣಿಗಳು ಕಟ್ಟಡದ ಪಕ್ಕಕ್ಕೇ ಬರುತ್ತಿದ್ದವು, ಆ ಹೊಳೆಯನ್ನು ಆಮೇಲೆ ಮುಚ್ಚಿದರು. ಯುದ್ಧ ಮುಗಿದಾಗ ಊರಿನಲ್ಲಿ ನಿಂತ ಗೋಡೆ ಎಣಿಸಬಹುದಿತ್ತು. ಚರ್ಚಿಲ್ "ಇದನ್ನು ಹೀಗೇ ಪಾಳಾಗಿ ಬಿಡೋಣ, ಸ್ಮಾರಕವಾಗಲಿ" ಎಂಬ ಅಭಿಪ್ರಾಯದವರಾಗಿದ್ದರು. ಊರಿನವರು ಒಪ್ಪಲಿಲ್ಲ. ಮರದ ಗುಡಿಸಲು ಹಾಕಿಕೊಂಡು ವಾಪಸ್ ಬಂದರು, ಹಳೇ ನಕ್ಷೆಗಳನ್ನು ಹಿಡಿದು ಹಿಂದಿನ ಹಾಗೆಯೇ ಕಟ್ಟಿದರು. ತಮ್ಮ ಮನೆ ಬಿದ್ದ ಜಾಗದಲ್ಲೇ ಅದೇ ಮನೆ ಎಬ್ಬಿಸಿದ್ದನ್ನು ನಕಲಿ ಅನ್ನೋಕೆ ನನಗೆ ಬಾಯಿ ಬರಲ್ಲ.

ಕಡಲತಡಿ

ಊರಿನವರು ಕಟ್ಟಿಕೊಂಡದ್ದು ಸರಿ. ಪ್ರವಾಸಿಗೆ ಅದನ್ನು "ಮಧ್ಯಯುಗದ ಊರು" ಅಂತ ಮಾರೋದು ಸರಿಯಲ್ಲ ಅಂತ ನನ್ನ ವಾದ. ನನ್ನ ಆಯ್ಕೆ ಇವತ್ತಿಗೂ ಬ್ರೂಜ್.

ಇತಿಹಾಸದ_ಹುಚ್ಚು

ಬ್ರೂಜ್ ಹಾಗೇ ಉಳಿದದ್ದಕ್ಕೂ ಒಂದು ದುರದೃಷ್ಟ ಕಾರಣ. ಝ್ವಿನ್ ಅನ್ನುವ ಕಡಲ ಕಾಲುವೆ ಇದ್ದಾಗ ಯುರೋಪಿನ ಹಣವೆಲ್ಲ ಅಲ್ಲಿಗೆ ಬರುತ್ತಿತ್ತು. ಹೂಳು ತುಂಬಿ ಹಡಗು ಬರೋದು ನಿಂತಿತು, ವ್ಯಾಪಾರ ಆಂಟ್‌ವರ್ಪ್‌ಗೆ ಹೋಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಊರಿನವರ ಹತ್ತಿರ ಉಳಿಯಲಿಲ್ಲ. ಬಡತನ ಕಾಪಾಡಿಕೊಂಡು ಬಂದದ್ದನ್ನು ಈಗ ಯುನೆಸ್ಕೊ ಪಟ್ಟಿಯಲ್ಲಿಟ್ಟಿದ್ದಾರೆ, 2000ದಿಂದ.

ಈ ಪ್ರದೇಶ ನೋಡುವಾಗ ನಾನು ಹಿಡಿದುಕೊಳ್ಳೋ ಎಳೆ ನೀರಿನದು. ಚಂದದ ಊರು ಒಂದು ಕಡೆ, ಯುದ್ಧಭೂಮಿ ಒಂದು ಕಡೆ ಅಂತ ಎರಡು ಪ್ಯಾಕೇಜ್ ಮಾಡಿ ಮಾರ್ತಾರಲ್ಲ, ಎರಡನ್ನೂ ಮಾಡಿದ್ದು ಒಂದೇ ನೀರು, ಒಂದೇ ಜೇಡಿಮಣ್ಣು. ಬ್ರೂಜ್‌ಗೆ ನೀರು ದುಡ್ಡು ತಂದಿತು, ನೀರು ಹೋದಾಗ ದುಡ್ಡೂ ಹೋಯಿತು. ಕೋರ್ಟ್‌ರೈಕ್ ಹತ್ತಿರ 1302ರ ಜುಲೈ 11ರಂದು ಫ್ರಾನ್ಸಿನ ಕುದುರೆ ಸವಾರರನ್ನು ಫ್ಲಾಂಡರ್ಸ್‌ನ ನೇಕಾರರು, ಕಸುಬುದಾರರು ನೆಲದ ಮೇಲೆ ನಿಂತು ಈಟಿ, ಗದೆ ಹಿಡಿದು ಸೋಲಿಸಿದರು. ಹೇಗೆ? ಸವಾರರ ಎದುರಿಗೆ ಹಳ್ಳ, ಕಾಲುವೆ, ಜೌಗು. ಕುದುರೆಗೆ ವೇಗವೇ ಸಿಗಲಿಲ್ಲ. ಸತ್ತ ಸವಾರರ ಹಿಮ್ಮಡಿಯ ಚಿನ್ನದ ಮುಳ್ಳುಗಳನ್ನು ಆಯ್ದು ಚರ್ಚಿನಲ್ಲಿ ತೂಗುಹಾಕಿದರಂತೆ, ಅದಕ್ಕೇ "ಚಿನ್ನದ ಮುಳ್ಳುಗಳ ಕದನ" ಅನ್ನೋದು. ಜುಲೈ 11 ಇವತ್ತಿಗೂ ಫ್ಲಾಂಡರ್ಸ್‌ನ ಹಬ್ಬ.

1914ರ ಅಕ್ಟೋಬರ್ ಕೊನೆಗೆ ನ್ಯೂಪೋರ್ಟ್‌ನಲ್ಲಿ ಬೆಲ್ಜಿಯಂನವರು ತೂಬುಗಳನ್ನು ಕಡಲಿನ ಭರತಕ್ಕೆ ಸರಿಯಾಗಿ ತೆರೆದು, ಇಳಿತಕ್ಕೆ ಮುಚ್ಚಿ, ಈಸರ್ ನದಿಯ ಬಯಲನ್ನೇ ಮುಳುಗಿಸಿದರು. ಯಾವ ತೂಬು ಯಾವಾಗ ತೆರೀಬೇಕು ಅಂತ ಗೊತ್ತಿದ್ದವರು ಕಾಲುವೆ ಉಸ್ತುವಾರಿಯ ಕಾರೆಲ್ ಕೋಗೆ, ದೋಣಿಯವನಾದ ಹೆಂಡ್ರಿಕ್ ಗೀರಾರ್ಟ್. ಜರ್ಮನ್ನರು ಆ ಕಡೆ ಮುಂದೆ ಬರೋಕೆ ಯುದ್ಧ ಮುಗಿಯುವ ತನಕ ಆಗಲಿಲ್ಲ. 1917ರ ಪಾಸೆನ್‌ಡಾಲ ಕದನದಲ್ಲಿ ಅದೇ ನೀರು ದಾಳಿ ಮಾಡಿದವರ ಮೇಲೆ ತಿರುಗಿಬಿತ್ತು. ಆ ಜೇಡಿನೆಲ ಬದುಕಿರೋದೇ ರೈತರು ತಲೆಮಾರುಗಳಿಂದ ತೋಡಿದ ಬಸಿಗಾಲುವೆಗಳಿಂದ. ಲಕ್ಷಾಂತರ ಫಿರಂಗಿ ಗುಂಡುಗಳು ಬಿದ್ದು ಕಾಲುವೆಯೆಲ್ಲ ಹಾಳಾಯಿತು, ಆಗಸ್ಟ್‌ನಲ್ಲಿ ಮಳೆ ಹಿಡಿಯಿತು, ನೀರಿಗೆ ಹೋಗೋಕೆ ದಾರಿ ಇಲ್ಲ. ಗಾಯಾಳುಗಳು, ಹೇಸರಗತ್ತೆಗಳು ಕೆಸರಲ್ಲೇ ಮುಳುಗಿ ಸತ್ತವು.

ಮಲೆನಾಡ_ಮಗಳು

ಈ ನೀರಿನ ವಿಷಯ ಓದಿ ಖುಷಿಯಾಯ್ತು. ನಾನು ಘೆಂಟ್‌ನಲ್ಲಿ ಓದಿದವಳು. ಊಟದ ವಿಷಯ ಯಾರೂ ಹೇಳಿಲ್ಲ, ನಾನು ಹೇಳ್ತೀನಿ.

ಬೆಲ್ಜಿಯಂ ಅಂದ್ರೆ ಫ್ರೈಸ್, ಆಲೂಗಡ್ಡೆ ತಾನೇ ಅಂತ ಕಣ್ಣುಮುಚ್ಚಿ ತಿನ್ಬೇಡಿ. ಸಾಂಪ್ರದಾಯಿಕವಾಗಿ ಅದನ್ನ ಕರಿಯೋದು ದನದ ಕೊಬ್ಬಿನಲ್ಲಿ. ಈಗ ಸಸ್ಯದ ಎಣ್ಣೆ ಬಳಸೋ ಅಂಗಡಿಗಳೂ ಇವೆ, ಆದ್ರೆ ಪ್ರತಿ ಸಲ ಕೇಳ್ಬೇಕು. ಕ್ರೊಕೆಟ್ ಅಂತ ಉದ್ದಕೆ ಬೋಂಡದ ಥರ ಬರುತ್ತೆ. ಒಳಗೆ ಚೀಸ್ ಇರೋದೂ ಉಂಟು, ಸಿಗಡಿ ಇರೋದೂ ಉಂಟು. ಹೊರಗಿಂದ ನೋಡಿದ್ರೆ ಎರಡೂ ಒಂದೇ. ವಾಫಲ್ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ.

ಒಳ್ಳೇ ಸುದ್ದಿ ಅಂದ್ರೆ ಘೆಂಟ್. 2009ರಲ್ಲಿ "ಗುರುವಾರ ಸಸ್ಯಾಹಾರ" ಅಂತ ನಗರಸಭೆಯೇ ಮುಂದೆ ನಿಂತು ಶುರುಮಾಡಿದ ಊರು ಅದು. ಸಸ್ಯಾಹಾರಿ ಹೋಟೆಲ್‌ಗಳು ಆ ಊರಿನಲ್ಲಿ ಇರುವಷ್ಟು ಈಪರ್‌ನಲ್ಲಿ ಸಿಗಲ್ಲ. ಈಪರ್‌ನಲ್ಲಿ ರಾತ್ರಿ ಅಡುಗೆಮನೆ ಬೇಗ ಮುಚ್ಚುತ್ತೆ, ಲಾಸ್ಟ್ ಪೋಸ್ಟ್ ಮುಗಿದ ಮೇಲೆ ಊಟ ಹುಡುಕ್ಕೊಂಡು ಹೊರಟ್ರೆ ಉಪವಾಸವೇ. ಏಳಕ್ಕೆ ಮುಂಚೆನೇ ಉಂಡುಬಿಡಿ. ಅವಲಕ್ಕಿ, ಚಟ್ನಿಪುಡಿ ಸೂಟ್‌ಕೇಸಿನಲ್ಲಿರಲಿ.

ಇನ್ನೊಂದು, ಸೋಮವಾರ ಬಹಳ ಮ್ಯೂಸಿಯಂಗಳಿಗೆ ರಜ. ಸೇಂಟ್ ಬಾವೊ ಕೆಥೆಡ್ರಲ್‌ನಲ್ಲಿ ವಾನ್ ಐಕ್ ಸಹೋದರರ ದೊಡ್ಡ ಚಿತ್ರಫಲಕ ಇದೆ, 1432ರಲ್ಲಿ ಮುಗಿಸಿದ್ದು. ಅದಕ್ಕೆ ಸಮಯ ಮೊದಲೇ ಕಾದಿರಿಸ್ಕೊಂಡು ಹೋಗಿ. ಅದರ ಒಂದು ಹಲಗೆ 1934ರಲ್ಲಿ ಕಳುವಾಗಿದ್ದು ಇವತ್ತಿಗೂ ಸಿಕ್ಕಿಲ್ಲ, ಅಲ್ಲಿರೋದು ಪ್ರತಿ. ಊರಿನವರ ಹತ್ರ ಆ ವಿಷಯ ಎತ್ತಿ ನೋಡಿ, ಒಬ್ಬೊಬ್ಬರದ್ದು ಒಂದೊಂದು ಪತ್ತೇದಾರಿ ಸಿದ್ಧಾಂತ.

ಲ್ಯೂವೆನ್_ಕನ್ನಡಿಗ

ಘೆಂಟ್‌ನವರಿಗೆ "ಉರುಲು ಹೊತ್ತವರು" ಅಂತ ಅಡ್ಡಹೆಸರು ಇದೆ, ಅದನ್ನೂ ಹೇಳಬೇಕಿತ್ತು ಮೇಡಂ. ಐದನೇ ಚಾರ್ಲ್ಸ್ ಚಕ್ರವರ್ತಿ ಹುಟ್ಟಿದ್ದು ಅಲ್ಲೇ, 1500ರಲ್ಲಿ. ಯುದ್ಧದ ಖರ್ಚಿಗೆ ತೆರಿಗೆ ಕೊಡಲ್ಲ ಅಂತ ಊರು ತಿರುಗಿಬಿತ್ತು. 1540ರಲ್ಲಿ ಅವನು ಬಂದು ಊರಿನ ಹಿರಿಯರನ್ನು ಬರಿಗಾಲಲ್ಲಿ, ಕುತ್ತಿಗೆಗೆ ಹಗ್ಗ ಹಾಕಿಸಿ ಮೆರವಣಿಗೆ ಮಾಡಿಸಿದ. ಈಗ ಜುಲೈ ಹಬ್ಬದಲ್ಲಿ ಅದೇ ಹಗ್ಗವನ್ನು ಹೆಮ್ಮೆಯಿಂದ ಕುತ್ತಿಗೆಗೆ ಹಾಕ್ಕೊಂಡು ತಿರುಗ್ತಾರೆ.

ಅರಮನೆ_ರಸ್ತೆ

ತುಮಕೂರಿನವರೇ, ಈಪರ್‌ಗೆ ಹೋದರೆ ನಮ್ಮ ಮೈಸೂರು ಲ್ಯಾನ್ಸರ್ಸ್ ಹೆಸರುಗಳನ್ನು ಮೆನಿನ್ ಗೇಟ್ ಮೇಲೆ ಹುಡುಕಿ ಫೋಟೊ ಹಾಕಿ. ಮೈಸೂರು ಸೈನಿಕರು ಅಲ್ಲಿ ಹೋರಾಡಿದ್ದು ಅಂತ ಎಲ್ಲೋ ಓದಿದ ನೆನಪು.

ಇತಿಹಾಸದ_ಹುಚ್ಚು

ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ. ಮೊದಲು ಸೂಯೆಜ್ ಕಾಲುವೆಯ ಕಾವಲು, ಆಮೇಲೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದದ್ದು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಹೈದರಾಬಾದ್, ಜೋಧಪುರದವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಬೆಳಗಾವಿಯವರು ಯಾರಾದರೂ ಕೇಳುವ ಮೊದಲೇ ಹೇಳ್ತೀನಿ, ಈಗಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ಪಲ್ಟಣಗಳು ಹೆಚ್ಚಾಗಿ ಕಾದಿದ್ದು ಮೆಸಪೊಟೇಮಿಯಾದಲ್ಲಿ.

ಫ್ಲಾಂಡರ್ಸ್‌ಗೆ ಬಂದದ್ದು ಲಾಹೋರ್ ಡಿವಿಷನ್ ಮತ್ತು ಮೀರತ್ ಡಿವಿಷನ್. 1914ರ ಸೆಪ್ಟೆಂಬರ್ ಕೊನೆಗೆ ಮಾರ್ಸೇಲ್ ಬಂದರಿನಲ್ಲಿ ಇಳಿಯೋಕೆ ಶುರುಮಾಡಿದರು. ಅಕ್ಟೋಬರ್ ಕೊನೆಯ ವಾರಕ್ಕೆ ಈಪರ್ ದಕ್ಷಿಣದ ಕಂದಕಗಳಲ್ಲಿದ್ದರು, ಮೈಮೇಲೆ ತೆಳ್ಳನೆಯ ಖಾಕಿ. ಪಂಜಾಬಿನವರು, ಪಠಾಣರು, ಡೋಗ್ರಾಗಳು, ಗಢವಾಲಿಗಳು, ಗೂರ್ಖಾಗಳು. ಅಕ್ಟೋಬರ್ 31ರಂದು ಹೊಲೆಬೆಕೆ ಹಳ್ಳಿಯ ಹತ್ತಿರ 129ನೇ ಬಲೂಚಿ ಪಲ್ಟಣದ ಖುದಾದಾದ್ ಖಾನ್ ಮೆಷಿನ್ ಗನ್ ಬಿಡದೆ ನಡೆಸಿದ. ಅವನ ತಂಡದ ಉಳಿದವರೆಲ್ಲ ಸತ್ತರು, ಇವನನ್ನೂ ಸತ್ತನೆಂದು ಬಿಟ್ಟುಹೋದರು. ರಾತ್ರಿ ತೆವಳಿಕೊಂಡು ವಾಪಸ್ ಬಂದ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವನು.

ಮುಂದಿನ ವರ್ಷ ಏಪ್ರಿಲ್ 22ರಂದು ಜರ್ಮನ್ನರು ಈಪರ್ ಉತ್ತರಕ್ಕೆ ಕ್ಲೋರಿನ್ ಅನಿಲ ಬಿಟ್ಟರು. ಪಶ್ಚಿಮ ರಣರಂಗದಲ್ಲಿ ಅಷ್ಟು ದೊಡ್ಡ ಪ್ರಮಾಣದ ವಿಷಾನಿಲ ದಾಳಿ ಅದೇ ಮೊದಲು. ಮುರಿದ ರಕ್ಷಣಾ ಸಾಲಿನ ರಂಧ್ರ ಮುಚ್ಚೋಕೆ ಫ್ರಾನ್ಸ್ ಕಡೆಯಿಂದ ಲಾಹೋರ್ ಡಿವಿಷನ್ನನ್ನು ಅವಸರದಲ್ಲಿ ನಡೆಸಿಕೊಂಡು ಬಂದರು. 26ರಂದು ವೀಲ್ಟ್ಯ ಹತ್ತಿರದ ಬಯಲಿನಲ್ಲಿ, ಮರೆಯೇ ಇಲ್ಲದ ಏರಿನ ಮೇಲೆ, ಹಗಲಲ್ಲಿ ಮುನ್ನುಗ್ಗಿಸಿದರು. ಸರಿಯಾದ ಗ್ಯಾಸ್ ಮಾಸ್ಕ್ ಇರಲಿಲ್ಲ. ಜಮಾದಾರ್ ಮೀರ್ ದಸ್ತ್ ಅಧಿಕಾರಿಗಳೆಲ್ಲ ಬಿದ್ದ ಮೇಲೆ ಪಲ್ಟಣವನ್ನು ಒಟ್ಟುಗೂಡಿಸಿ, ಗುಂಡಿನ ಮಳೆಯಲ್ಲೇ ಎಂಟು ಜನ ಅಧಿಕಾರಿಗಳನ್ನು ಹೊತ್ತು ತರೋಕೆ ನೆರವಾದ. ಅವನಿಗೂ ವಿಕ್ಟೋರಿಯಾ ಕ್ರಾಸ್.

ಮೆನಿನ್ ಗೇಟ್ ಮೇಲೆ ದೇಹ ಸಿಗದ ಸುಮಾರು 54,000 ಜನರ ಹೆಸರಿದೆ, ಅದರಲ್ಲಿ ಭಾರತೀಯರು 400ಕ್ಕೂ ಹೆಚ್ಚು. ಪಲ್ಟಣದ ಪ್ರಕಾರ ಕೆತ್ತಿದ್ದಾರೆ. ಗೇಟಿನ ದಕ್ಷಿಣಕ್ಕೆ ಮೆಟ್ಟಿಲು ಹತ್ತಿ ಕೋಟೆಗೋಡೆಯ ಹುಲ್ಲಿನ ಮೇಲೆ ಹೋದರೆ ಅಶೋಕ ಸ್ತಂಭದ ಸಿಂಹಗಳಿರುವ ಭಾರತೀಯ ಸೇನೆಯ ಸ್ಮಾರಕ ಇದೆ. ಮಾವನವರು ಅಲ್ಲಿ ಒಂದು ಸೆಲ್ಯೂಟ್ ಹೊಡೆಯದೆ ಬರಲ್ಲ, ನೋಡ್ತಿರಿ.

ತುಮಕೂರು_ತಿರುಗಾಟ

ಮಾವನವರಿಗೆ ಇದನ್ನೆಲ್ಲ ಓದಿ ಹೇಳಿದೆ. "129ನೇ ಬಲೂಚಿ ಈಗ ಪಾಕಿಸ್ತಾನ ಸೇನೆಯಲ್ಲಿದೆ, ಆದರೂ ಆ ಹಳ್ಳಿ ನೋಡಬೇಕು" ಅಂದ್ರು. ಈಪರ್‌ನಲ್ಲಿ ಉಳಿಯೋದು ಪಕ್ಕಾ ಆಯ್ತು. ಲಾಸ್ಟ್ ಪೋಸ್ಟ್‌ಗೆ ಟಿಕೆಟ್ ಇದೆಯಾ? ಕೂರೋಕೆ ಜಾಗ ಇರುತ್ತಾ? ಜರ್ಮನ್ ಸ್ಮಶಾನಗಳಿಗೂ ಹೋಗಬೇಕಾ ಅಂತ ಹೆಂಡತಿ ಕೇಳ್ತಿದ್ದಾಳೆ.

ಧಾರವಾಡ_ಪೇಡೆ

ಟಿಕೆಟ್ ಇಲ್ರಿ, ಪುಕ್ಕಟೆ. ಕೂರಾಕ ಜಾಗಾನೂ ಇಲ್ಲ, ನಿಂತ ನೋಡ್ಬೇಕು. ಏಳೂ ಕಾಲಕ್ಕ ಹೋಗಿ ಸಾಲಿನಾಗ ಮುಂದ ನಿಂದರ್ರಿ, ಏಳೂವರಿ ಸುಮಾರಿಗೆ ರಸ್ತೆ ಬಂದ್ ಮಾಡ್ತಾರ. ಮುಗದ ಮ್ಯಾಲೆ ಚಪ್ಪಾಳಿ ಹೊಡೀಬ್ಯಾಡ್ರಿ, ಅಲ್ಲಿ ಆ ಪದ್ಧತಿ ಇಲ್ಲ. ಊದೋರು ಮಿಲಿಟರಿಯವರಲ್ಲ, ಊರಿನ ಅಗ್ನಿಶಾಮಕ ದಳದಿಂದ ಬಂದ ಪರಂಪರಾ. 1928ರಿಂದ ನಡದೈತಿ. ಎರಡನೇ ಯುದ್ಧದಾಗ ಜರ್ಮನ್ನರು ಊರ ಹಿಡದಾಗ ಮಾತ್ರ ನಿಂತಿತ್ತು. 1944ರ ಸೆಪ್ಟೆಂಬರ್ 6ಕ್ಕ ಪೋಲಂಡಿನ ಸೈನಿಕರು ಊರ ಬಿಡಿಸಿದ ದಿನಾ ಸಂಜೀನ, ಊರಿನ ಇನ್ನೊಂದು ಮಗ್ಗಲಿಗೆ ಗುಂಡಿನ ಸಪ್ಪಳ ನಡದಿರುವಾಗ, ಮತ್ತ ಊದಿದ್ರು.

ಮಲೆನಾಡ_ಮಗಳು

ಜರ್ಮನ್ ಸ್ಮಶಾನಕ್ಕೆ ಖಂಡಿತ ಹೋಗಿ. ಲಾಂಗೆಮಾರ್ಕ್ ಈಪರ್‌ಗೆ ಹತ್ರ. 44,000ಕ್ಕೂ ಹೆಚ್ಚು ಜನ ಅಲ್ಲಿದ್ದಾರೆ, ಅದರಲ್ಲಿ ಸುಮಾರು 25,000 ಜನ ಒಂದೇ ಸಾಮೂಹಿಕ ಗುಂಡಿಯಲ್ಲಿ. ಬ್ರಿಟಿಷರದ್ದು ಬಿಳಿ ಕಲ್ಲು, ಗುಲಾಬಿ ಗಿಡ, ಬಿಸಿಲು. ಇಲ್ಲಿ ಓಕ್ ಮರದ ನೆರಳು, ನೆಲಕ್ಕೆ ಅಂಟಿದ ಕಪ್ಪು ಕಲ್ಲು. ಸೋತವರ ಸಮಾಧಿ ಅಂತ ಹೇಳದೇನೇ ಗೊತ್ತಾಗುತ್ತೆ.

ನನ್ನನ್ನು ಕೇಳಿದ್ರೆ ಅದಕ್ಕಿಂತ ವ್ಲಾಡ್ಸ್ಲೊ ಅನ್ನೋ ಜರ್ಮನ್ ಸ್ಮಶಾನ. ಡಿಕ್ಸ್‌ಮೌಡೆ ಹತ್ರ. ಕೇಟೆ ಕೋಲ್‌ವಿಟ್ಸ್ ಅನ್ನೋ ಜರ್ಮನ್ ಕಲಾವಿದೆಯ ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ ಆ ಭಾಗದಲ್ಲಿ ಸತ್ತ, ಹದಿನೆಂಟು ವರ್ಷ. ಅವಳು ಕೆತ್ತಿದ ಮೊಣಕಾಲೂರಿದ ಅಪ್ಪ, ಅಮ್ಮನ ಎರಡು ಮೂರ್ತಿ ಅಲ್ಲಿವೆ. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ, ಅಮ್ಮ ಬಗ್ಗಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಿಲ್ಲ. ಇಷ್ಟು ವರ್ಷ ಬೇಕಾಯ್ತಂತೆ ಅವಳಿಗೆ ಅದನ್ನ ಮುಗಿಸೋಕೆ, 1932ರ ತನಕ. ನಾನು ಹೋದಾಗ ಅಲ್ಲಿ ಬೇರೆ ಯಾರೂ ಇರ್ಲಿಲ್ಲ, ಬಸ್ ವ್ಯವಸ್ಥೆ ಅಷ್ಟಕ್ಕಷ್ಟೆ.

ಸೈಕಲ್_ಸ್ವಾಮಿ

ಸೈಕಲ್ ಬಗ್ಗೆ ಒಂದು ಮಾತು. ಈಪರ್‌ನಲ್ಲಿ ಬಾಡಿಗೆಗೆ ಸಿಗುತ್ತೆ, ಬ್ಯಾಟರಿ ಸೈಕಲ್ ಕೂಡ. ಫ್ಲಾಂಡರ್ಸ್ ತುಂಬ ರಸ್ತೆ ಕೂಡುವಲ್ಲೆಲ್ಲ ಸಂಖ್ಯೆ ಹಾಕಿದ ಸೈಕಲ್ ಜಾಲ ಇದೆ. ನಿಮ್ಮ ದಾರಿಯ ಸಂಖ್ಯೆಗಳನ್ನು ಚೀಟಿಯಲ್ಲಿ ಬರ್ಕೊಂಡು ಒಂದರಿಂದ ಇನ್ನೊಂದಕ್ಕೆ ಬಾಣ ನೋಡ್ಕೊಂಡು ಹೋಗೋದು, ಫೋನೇ ಬೇಡ. ಈಪರ್‌ನಿಂದ ಝೊನೆಬೆಕೆ ಮೂಲಕ ಟೈನ್ ಕಾಟ್ ಕಡೆಗೆ ಹಳೇ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ, ಕಾರುಗಳ ಕಾಟ ಇಲ್ಲ. ಝೊನೆಬೆಕೆಯ ಪಾಸೆನ್‌ಡಾಲ ಮ್ಯೂಸಿಯಂ ಬಿಡಬೇಡಿ, ನೆಲದಡಿಯ ಸೈನಿಕರ ಬಿಲವನ್ನು ಮತ್ತೆ ಕಟ್ಟಿ ತೋರಿಸಿದ್ದಾರೆ. (ಪಾಸೆನ್‌ಡಾಲ ಅಂತ ಅಲ್ಲಿನ ಅಂಗಡಿಯಲ್ಲಿ ಹೇಳಿದ್ರೆ ಚೀಸ್ ಕೊಡ್ತಾರೆ. ಆ ಹೆಸರಿನ ಚೀಸ್ ಯುದ್ಧಕ್ಕಿಂತ ಪ್ರಸಿದ್ಧ.)

ದಾರಿ ಬದಿಯಲ್ಲಿ, ಕರೆಂಟ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆ ಥರದ್ದು ಕಂಡ್ರೆ ಮುಟ್ಟಲೇಬೇಡಿ, ಫೋಟೊಗೂ ಹತ್ರ ಹೋಗ್ಬೇಡಿ. ಉಳುಮೆ ಮಾಡುವಾಗ ಸಿಗೋ ಸಿಡಿಯದ ಗುಂಡುಗಳನ್ನು ರೈತರು ಹಾಗೆ ಇಟ್ಟಿರ್ತಾರೆ, ಸೇನೆಯ ಬಾಂಬ್ ನಿಷ್ಕ್ರಿಯ ದಳದವರು ಬಂದು ತಗೊಂಡು ಹೋಗ್ತಾರೆ. ಪೂಲ್‌ಕಪೆಲೆಯಲ್ಲಿ ಅದಕ್ಕೇ ಅವರ ನೆಲೆ ಇದೆ. ಕೆಲವು ಗುಂಡಿನೊಳಗೆ ಇನ್ನೂ ವಿಷಾನಿಲ ಇರುತ್ತೆ. 2014ರಲ್ಲಿ ಕೂಡ ಈಪರ್‌ನಲ್ಲಿ ಕಟ್ಟಡ ಕೆಲಸದ ಇಬ್ಬರು ಇಂಥ ಗುಂಡು ಸಿಡಿದು ಸತ್ತಿದ್ದಾರೆ.

ಕಡಲತಡಿ

ಸರಿ ಮಾರಾಯ್ರೆ, ಸುಬೇದಾರರು ಹೋಗ್ಲಿ. ಆದ್ರೆ ಹೆಂಡತಿಗೆ ಬ್ರೂಜ್ ಕೊಡದೆ ಇರ್ಬೇಡಿ. ಹಗಲಿನ ಜನಜಂಗುಳಿ ನೋಡಿ ಬೇಜಾರಾದ್ರೆ, ಬೆಳಿಗ್ಗೆ ಎಂಟರ ಒಳಗೆ ಕಾಲುವೆ ದಂಡೆ ಸುತ್ತಿ. ಚರ್ಚ್ ಆಫ್ ಅವರ್ ಲೇಡಿಯಲ್ಲಿ ಮೈಕೆಲೆಂಜಲೊ ಕೆತ್ತಿದ ತಾಯಿ ಮಗು ಉಂಟು. ಬೆಗೈನ್ ಹೆಂಗಸರ ವಠಾರ ನೋಡಿ, 1245ರಲ್ಲಿ ಸ್ಥಾಪನೆ ಆದದ್ದು. ಸನ್ಯಾಸ ತಗೊಳ್ಳದೆ, ಮದುವೆಯೂ ಆಗದೆ ತಮ್ಮ ದುಡಿಮೆಯಲ್ಲೇ ಬದುಕಿದ ಹೆಂಗಸರು. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ.

ತುಮಕೂರು_ತಿರುಗಾಟ

ಎಲ್ಲರಿಗೂ ಧನ್ಯವಾದ. ಘೆಂಟ್‌ನಲ್ಲಿ ರೂಮ್ ಹಾಕ್ತೀವಿ, ಅಲ್ಲಿಂದ ಬ್ರೂಜ್‌ಗೆ ಬೆಳಿಗ್ಗೆಯ ರೈಲು, ಕೊನೆಗೆ ಈಪರ್‌ನಲ್ಲಿ ಉಳಿಯೋದು. ಮಾವನವರು ಸೈಕಲ್ ತುಳೀತೀನಿ ಅಂತಿದ್ದಾರೆ, ಅವರ ಮಗಳು ಬೇಡ ಅಂತಿದ್ದಾಳೆ, ಅದರ ತೀರ್ಪು ಅವರಿಗೇ ಬಿಟ್ಟಿದ್ದೀನಿ. ಕೊನೇ ಪ್ರಶ್ನೆ: ಫ್ರಾನ್ಸ್‌ನ ನೂವ್ ಶಪೆಲ್‌ನಲ್ಲಿ ಭಾರತೀಯ ಸ್ಮಾರಕ ಇದೆಯಂತಲ್ಲ, ಈಪರ್‌ನಿಂದ ಹೋಗಿಬರಬಹುದಾ?

ಇತಿಹಾಸದ_ಹುಚ್ಚು

ಹೋಗಿಬರಬಹುದು, ಕಾರಿನಲ್ಲಿ ಒಂದು ಗಂಟೆ ಬೇಡ. 1915ರ ಮಾರ್ಚ್ 10ರಿಂದ 13ರ ತನಕ ಅಲ್ಲಿ ನಡೆದ ಕದನದಲ್ಲಿ ದಾಳಿಯ ದೊಡ್ಡ ಪಾಲು ಭಾರತೀಯ ದಳದ್ದು. 1927ರಲ್ಲಿ ಉದ್ಘಾಟನೆಯಾದ ಸ್ಮಾರಕ, ವಿನ್ಯಾಸ ಹರ್ಬರ್ಟ್ ಬೇಕರ್ ಅವರದ್ದು. ವೃತ್ತಾಕಾರದ ಆವರಣ, ಜಾಲಂಧ್ರ, ಛತ್ರಿ, ಮೇಲೆ ಕಮಲವಿರುವ ಎತ್ತರದ ಕಂಬ, ಬುಡದಲ್ಲಿ ಎರಡು ಹುಲಿ. 4,700ರ ಹತ್ತಿರ ಹೆಸರುಗಳಿವೆ. ಪುಣೆ ಹತ್ತಿರದ ಕಿರ್ಕಿಯಿಂದ ಹೋದ ಸ್ಯಾಪರ್ಸ್ ಅಂಡ್ ಮೈನರ್ಸ್‌ನ 20 ಮತ್ತು 21ನೇ ಕಂಪನಿಗಳು 1914ರ ಅಕ್ಟೋಬರ್‌ನಲ್ಲೇ ಆ ಹಳ್ಳಿಯ ಬೀದಿಗಳಲ್ಲಿ 47ನೇ ಸಿಖ್ಖರ ಜೊತೆ ಕಾದಾಡಿದ್ದವು. ಸೇನೆಯ ಇಂಜಿನಿಯರ್ ದಳದವರಾದರೆ ಮಾವನವರಿಗೆ ಆ ಫಲಕ ಬೇಕೇ ಬೇಕು.

ಲ್ಯೂವೆನ್_ಕನ್ನಡಿಗ

ಕಾರು ಬಾಡಿಗೆಗೆ ತಗೊಳ್ಳೋದಾದ್ರೆ ಊರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸ್ಕೊಂಡು ಬನ್ನಿ. ಬೆಲ್ಜಿಯಂನಲ್ಲಿ ಬಲಗಡೆಯಿಂದ ಬರೋ ಗಾಡಿಗೆ ದಾರಿ ಬಿಡಬೇಕು, ಎದುರು ಬೋರ್ಡ್ ಇಲ್ಲದಿದ್ರೆ ಸಣ್ಣ ಗಲ್ಲಿಯಿಂದ ಬಂದವನಿಗೂ. ಹಳ್ಳಿ ರಸ್ತೆಯಲ್ಲಿ ನಮ್ಮವರು ಬೆಚ್ಚಿಬೀಳೋದು ಇದಕ್ಕೇ. ಗಡಿಯಲ್ಲಿ ಸಾಮಾನ್ಯವಾಗಿ ನಿಲ್ಲಿಸಲ್ಲ, ಆದರೂ ಮೂವರ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ಮತ್ತೆ, ಲಿಲ್ ಕಡೆಗೆ ಹೋಗುವಾಗ ಗಡಿ ತನಕ ಬೋರ್ಡಿನಲ್ಲಿ ರೈಸೆಲ್ ಅಂತ ಇರುತ್ತೆ, ಅದೇ ಊರು.